ಚಕ್ರ ಕೂತರೆ ಸಾಲದು, ಹೊಂದಬೇಕು: ಕಾರಿಗೆ ಹೊಸ ರಿಮ್, ಟೈರ್ ಆರಿಸುವುದು ಹೇಗೆ?

ಐದೂ ನಟ್ಟು ಬಿಗಿಯಾದವು. ಕೈಯಲ್ಲಿ ತಿರುಗಿಸಿದರೆ ಚಕ್ರ ಸಲೀಸಾಗಿ ತಿರುಗುತ್ತದೆ, ನೋಡಲೂ ಚೆಂದ. ಹಾಗಿದ್ದೂ ಅದು ನಿಮ್ಮ ಕಾರಿಗೆ ಹೊಂದದ ಚಕ್ರವಾಗಿರಬಹುದು. ವೇಗ ಏರಿದಾಗ ಸ್ಟೀರಿಂಗ್ ನಡುಗುವುದು, ಹಿಂದಿನ ಸೀಟಿನಲ್ಲಿ ಮೂವರು ಕೂತಾಗ ಟೈರು ಮಡ್‌ಗಾರ್ಡಿಗೆ ಉಜ್ಜುವುದು, ಕೆಲವು ವಾರಗಳಲ್ಲೇ ನಟ್ಟು ಸಡಿಲವಾಗುವುದು, ಇವೆಲ್ಲ ಅಂಗಡಿಯ ಮುಂದೆ ನಿಂತ ಕಾರಿನಲ್ಲಿ ಕಾಣುವುದಿಲ್ಲ. ಕಾರಣ ಹುಡುಕಿದರೆ ಹೆಚ್ಚಾಗಿ ಅದು ಟೈರಿನ ಮೇಲೆ ದಪ್ಪಗೆ ಬರೆದ ಅಂಕೆಗಳಲ್ಲಿ ಇರುವುದಿಲ್ಲ. ರಿಮ್ಮಿನ ಬೆನ್ನಿಗೆ ಸಣ್ಣದಾಗಿ ಅಚ್ಚೊತ್ತಿದ ಅಂಕೆಗಳಲ್ಲಿ ಇರುತ್ತದೆ. ಬಣ್ಣ, ವಿನ್ಯಾಸ ಎಲ್ಲ ಆಮೇಲೆ ನೋಡಿದರಾಯಿತು. ಮೊದಲು ಅಳತೆ.

ಕಾರಿಗೆ ಏನು ಬೇಕೆಂದು ಕಾರನ್ನೇ ಕೇಳಿ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೋ ಬಾಗಿಲಿನ ಅಂಚಿಗೋ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಇಂಧನ ಟ್ಯಾಂಕಿನ ಮುಚ್ಚಳದ ಒಳಗಿರುತ್ತದೆ. ಟೈರಿನ ಅಳತೆ, ಮುಂದಿನ ಮತ್ತು ಹಿಂದಿನ ಗಾಳಿಯ ಒತ್ತಡ ಅದರಲ್ಲಿವೆ. ಈಗ ಕಾರಿನಲ್ಲಿರುವ ಟೈರನ್ನು ನೋಡಿ ಬರೆದುಕೊಳ್ಳಬೇಡಿ. ಹಳೆಯ ಮಾಲೀಕರು ಬೇರೆ ಅಳತೆಯದ್ದನ್ನು ಹಾಕಿಸಿರಬಹುದು. ಕಾರಿನ ಕೈಪಿಡಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ಅಳತೆಗಳನ್ನು ಕೊಟ್ಟಿರುತ್ತಾರೆ. ಮೂಲ ಮಾದರಿಗೆ ಒಂದು, ದುಬಾರಿ ಮಾದರಿಗೆ ಇನ್ನೊಂದು. ಆ ಪಟ್ಟಿಯೊಳಗೇ ಆರಿಸಿಕೊಂಡರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು. ಆದರೆ ಎರಡು ಮಾದರಿಗಳ ಬ್ರೇಕ್ ಬೇರೆ ಬೇರೆ ಇದ್ದರೆ ಸಣ್ಣ ರಿಮ್ ದೊಡ್ಡ ಬ್ರೇಕಿನ ಮೇಲೆ ಕೂರುವುದಿಲ್ಲ. ನಿಮ್ಮ ಮಾದರಿಗೆ ಆ ಅಳತೆ ಇದೆಯೇ ಎಂದು ಪಟ್ಟಿಯಲ್ಲಿ ಖಚಿತ ಮಾಡಿಕೊಳ್ಳಿ.

ಟೈರಿನ ಲೆಕ್ಕ

205/55 ಆರ್ 16 91 ವಿ ಎಂಬ ಟೈರನ್ನೇ ತೆಗೆದುಕೊಳ್ಳೋಣ. 205 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 55 ಮಾತ್ರ ಮಿಲಿಮೀಟರ್ ಅಲ್ಲ, ಶೇಕಡಾ ಲೆಕ್ಕ: ಟೈರಿನ ಪಕ್ಕದ ಗೋಡೆಯ ಎತ್ತರ ಅಗಲದ ಶೇ 55, ಅಂದರೆ 112.75 ಮಿ.ಮೀ. 'ಆರ್' ಎಂದರೆ ರೇಡಿಯಲ್ ಟೈರು. 16 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. 91 ಭಾರದ ಸೂಚ್ಯಂಕ, 'ವಿ' ವೇಗದ ಅಕ್ಷರ.

ಈಗ ಇಡೀ ಟೈರಿನ ಎತ್ತರ ಲೆಕ್ಕ ಹಾಕಿ. ರಿಮ್ 16 ಇಂಚು, ಅಂದರೆ 406.4 ಮಿ.ಮೀ. ಪಕ್ಕದ ಗೋಡೆ ಮೇಲೊಂದು ಕೆಳಗೊಂದು, ಒಟ್ಟು 225.5. ಎರಡೂ ಸೇರಿ 631.9 ಮಿ.ಮೀ. ಬದಲಿ ಟೈರಿನ ಎತ್ತರ ಇದರ ಆಸುಪಾಸಿನಲ್ಲೇ ಇರಬೇಕು. ಶೇ 2ರೊಳಗೆ ಇದ್ದರೆ ಒಳ್ಳೆಯದು, ಶೇ 3 ಕೊನೆಯ ಮಿತಿ ಎಂದಿಟ್ಟುಕೊಳ್ಳಿ. 17 ಇಂಚಿನ ರಿಮ್ಮಿಗೆ 225/45 ಹಾಕಿದರೆ 634.3 ಬರುತ್ತದೆ, ವ್ಯತ್ಯಾಸ ಶೇ 0.4. 18 ಇಂಚಿಗೆ 225/40 ಹಾಕಿದರೆ 637.2, ಶೇ 0.8. ಅದೇ 16 ಇಂಚಿನ ರಿಮ್ಮಿಗೆ 215/60 ಹಾಕಿದರೋ? 664.4. ಶೇ 5ರಷ್ಟು ದೊಡ್ಡದು. ರಿಮ್ಮಿಗೆ ಈ ಟೈರು ಸಲೀಸಾಗಿ ಏರುತ್ತದೆ. ಮೋಸ ಹೋಗುವುದು ಅಲ್ಲೇ. ಇಂಥ ಟೈರು ಹಾಕಿದ ಮೇಲೆ ಸ್ಪೀಡೋಮೀಟರ್ ಮೊದಲು ತೋರಿಸುತ್ತಿದ್ದಷ್ಟೇ ವೇಗ ತೋರಿಸಿದರೂ ಕಾರು ಶೇ 5ರಷ್ಟು ಜೋರಾಗಿ ಓಡುತ್ತಿರುತ್ತದೆ. ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಎಂದು ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಹೇಳುತ್ತದೆ. ಕಾರ್ಖಾನೆಯವರು ಅದಕ್ಕೇ ಮೀಟರನ್ನು ತುಸು ಹೆಚ್ಚು ತೋರಿಸುವಂತೆ ಇಟ್ಟಿರುತ್ತಾರೆ. ದೊಡ್ಡ ಟೈರು ಆ ಅಂತರವನ್ನು ತಿಂದುಹಾಕುತ್ತದೆ. ಜೊತೆಗೆ ಗೇರುಗಳು ಭಾರವೆನಿಸುತ್ತವೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಎಲ್ಲೋ ಒಂದು ಕಡೆ ತಾಗುತ್ತದೆ.

ರಿಮ್ ದೊಡ್ಡದಾದಷ್ಟೂ ಪಕ್ಕದ ಗೋಡೆ ಕುಗ್ಗುತ್ತದೆ. ಮೇಲಿನ ಉದಾಹರಣೆಯಲ್ಲೇ ಅದು 112 ಚಿಲ್ಲರೆಯಿಂದ 101ಕ್ಕೆ, ಅಲ್ಲಿಂದ 90 ಮಿ.ಮೀ.ಗೆ ಇಳಿಯಿತು. ಗುಂಡಿಗೆ ಬಿದ್ದಾಗ ಪೆಟ್ಟನ್ನು ನುಂಗುವುದು ಈ ರಬ್ಬರಿನ ಗೋಡೆಯೇ. ಅದು ತೆಳ್ಳಗಾದರೆ ಪೆಟ್ಟು ನೇರ ರಿಮ್ಮಿಗೆ ಬೀಳುತ್ತದೆ: ರಿಮ್ ಬಾಗುತ್ತದೆ, ಒಳಗಿನ ದಾರ ಕಡಿದು ಟೈರಿನ ಪಕ್ಕ ಊದಿಕೊಳ್ಳುತ್ತದೆ. ಹಾಗೆ ಊದಿದ ಟೈರಿಗೆ ರಿಪೇರಿಯಿಲ್ಲ, ತೆಗೆದು ಎಸೆಯಬೇಕು. ರಸ್ತೆ ಕೆಟ್ಟಿರುವ ಕಡೆ ಓಡುವ ಕಾರಿಗೆ ಒಂದು ಇಂಚು ಏರಿಸುವುದೇ ಹೆಚ್ಚು. ಎರಡು ಇಂಚು ಏರಿಸಬೇಡಿ ಎಂದೇ ನಮ್ಮ ಸಲಹೆ.

ಟೈರಿನ ಅಗಲಕ್ಕೂ ರಿಮ್ಮಿನ ಅಗಲಕ್ಕೂ ಹೊಂದಾಣಿಕೆ ಬೇಕು. 205/55 ಆರ್ 16 ಟೈರನ್ನು 5.5ರಿಂದ 7.5 ಇಂಚು ಅಗಲದ ರಿಮ್ಮಿಗೆ ಹಾಕಬಹುದು. 225/45 ಆರ್ 17 ಟೈರಿಗೆ 7ರಿಂದ 8.5 ಇಂಚು ಬೇಕು. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ತಿರುವಿನಲ್ಲಿ ಅದು ಪಕ್ಕಕ್ಕೆ ವಾಲುತ್ತದೆ, ನಡುಭಾಗ ಬೇಗ ಸವೆಯುತ್ತದೆ.

ಭಾರದ ಸೂಚ್ಯಂಕವನ್ನು ಇಳಿಸಲೇಬಾರದು. 87 ಎಂದರೆ ಒಂದು ಟೈರು ಹೊರಬಲ್ಲದ್ದು 545 ಕೆ.ಜಿ., 88ಕ್ಕೆ 560, 91ಕ್ಕೆ 615, 94ಕ್ಕೆ 670. ಹಿಂದಿನ ಆಕ್ಸಲಿನ ಗರಿಷ್ಠ ಭಾರ 1,100 ಕೆ.ಜಿ. ಎಂದು ಕಾರಿನ ಫಲಕದಲ್ಲಿದ್ದರೆ ಒಂದೊಂದು ಟೈರಿನ ಪಾಲು 550. 87ರ ಟೈರಿಗೆ ಅಲ್ಲಿ 5 ಕೆ.ಜಿ. ಕೊರತೆ ಬಿತ್ತು. ವೇಗದ ಅಕ್ಷರಗಳಲ್ಲಿ 'ಟಿ' 190 ಕಿ.ಮೀ., 'ಎಚ್' 210, 'ವಿ' 240. ಇದನ್ನೂ ಕಾರಿನವರು ಹೇಳಿದ್ದಕ್ಕಿಂತ ಕೆಳಗಿಳಿಸಬೇಡಿ. ಅಷ್ಟು ವೇಗದಲ್ಲಿ ನೀವು ಓಡಿಸದಿದ್ದರೂ ಟೈರು ಬಿಸಿಯನ್ನು ಎಷ್ಟು ತಾಳುತ್ತದೆ ಎಂಬುದರ ಅಳತೆ ಅದು.

'ಎಕ್ಸ್‌ಎಲ್' (ಎಕ್ಸ್ಟ್ರಾ ಲೋಡ್, ಅಂದರೆ ಹೆಚ್ಚು ಭಾರ ಹೊರುವ ಬಗೆ) ಎಂದು ಬರೆದಿರುವ ಟೈರುಗಳ ಬಗ್ಗೆ ಒಂದು ಎಚ್ಚರಿಕೆ. ಯುರೋಪಿನ ಮಾನಕದಲ್ಲಿ ಸಾಮಾನ್ಯ ಟೈರು ತನ್ನ ಪೂರ್ತಿ ಭಾರ ಹೊರುವುದು 250 ಕಿಲೋಪಾಸ್ಕಲ್ ಒತ್ತಡದಲ್ಲಿ, ಅಂದರೆ ಸುಮಾರು 36 ಪಿಎಸ್‌ಐ. ಎಕ್ಸ್‌ಎಲ್ ಟೈರಿಗೆ ಅದೇ ಕೆಲಸಕ್ಕೆ 290, ಅಂದರೆ 42 ಪಿಎಸ್‌ಐ ಬೇಕು. 91ರ ಸಾಮಾನ್ಯ ಟೈರು ತೆಗೆದು 94ರ ಎಕ್ಸ್‌ಎಲ್ ಹಾಕಿ ಹಳೆಯ ಗಾಳಿಯನ್ನೇ ತುಂಬಿದರೆ, ಬಲ ಹೆಚ್ಚುವ ಬದಲು ಕೊಂಚ ಕಡಿಮೆಯೇ ಆಗುತ್ತದೆ. ಎಷ್ಟು ಗಾಳಿ ಏರಿಸಬೇಕೆಂದು ಟೈರು ತಯಾರಕರ ಕೋಷ್ಟಕ ನೋಡಿ ಹಾಕಿ.

ರಿಮ್ಮಿನ ಬೆನ್ನು ಓದುವುದು

ಹೆಚ್ಚಿನ ತಪ್ಪುಗಳಾಗುವುದು ಇಲ್ಲಿ. ರಿಮ್ಮನ್ನು ಮಗುಚಿ ಹಾಕಿದರೆ '7ಜೆ × 17 ಇಟಿ 40, 5 × 114.3' ಎಂಬಂಥ ಅಚ್ಚು ಕಾಣುತ್ತದೆ. 7 ಇಂಚು ಅಗಲ, 17 ಇಂಚು ವ್ಯಾಸ. 'ಜೆ' ಎಂಬುದು ಟೈರು ಕೂರುವ ಅಂಚಿನ ಆಕಾರದ ಹೆಸರು.

5 × 114.3 ಎಂದರೆ ಐದು ರಂಧ್ರಗಳು, ಅವುಗಳ ನಡುಬಿಂದುಗಳ ಮೂಲಕ ಎಳೆದ ವೃತ್ತದ ವ್ಯಾಸ 114.3 ಮಿ.ಮೀ. ಇದನ್ನೇ ಪಿಸಿಡಿ ಎನ್ನುವುದು. ನಾಲ್ಕು ರಂಧ್ರವಿದ್ದರೆ ಅಳೆಯುವುದು ಸುಲಭ: ಎದುರುಬದುರಿನ ರಂಧ್ರಗಳ ನಡುವಿನ ದೂರವೇ ಪಿಸಿಡಿ. ನಡುಬಿಂದು ಹುಡುಕಲು ಒದ್ದಾಡಬೇಕಿಲ್ಲ; ಒಂದು ರಂಧ್ರದ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆದರೂ ಅದೇ ಸಿಗುತ್ತದೆ. ಐದು ರಂಧ್ರವಿದ್ದರೆ ಎದುರು ರಂಧ್ರವಿರುವುದಿಲ್ಲ. ಅಕ್ಕಪಕ್ಕದ ಎರಡರ ದೂರ ಅಳೆದು 1.701ರಿಂದ ಗುಣಿಸಿ. 67.2 ಬಂದರೆ ಪಿಸಿಡಿ 114.3, 65.8 ಬಂದರೆ 112. ವ್ಯತ್ಯಾಸ ಬರೀ 1.4 ಮಿ.ಮೀ. ಟೇಪು ನಂಬಬೇಡಿ, ವರ್ನಿಯರ್ ಕ್ಯಾಲಿಪರ್ ಬಳಸಿ.

ಚಕ್ರವನ್ನು ಬಿಗಿಸುವ, ಕಾರಿನ ಕಡೆಯ ತಟ್ಟೆಯೇ ಹಬ್; ಅದರಿಂದ ಹೊರಚಾಚಿದ ತಿರುಪಿನ ಕಡ್ಡಿಗಳು ಸ್ಟಡ್ಡುಗಳು. 112ರ ಚಕ್ರವನ್ನು 114.3ರ ಹಬ್ಬಿಗೆ ಎಳೆದು ಕೂರಿಸಲು ಸಾಧ್ಯ. ರಂಧ್ರದಲ್ಲಿರುವ ಸಡಿಲಿನಿಂದಾಗಿ ನಟ್ಟು ಹಿಡಿಯುತ್ತದೆ. ಆದರೆ ಸ್ಟಡ್ಡುಗಳು ಒಳಕ್ಕೆ ಬಾಗಿಕೊಂಡೇ ಇರುತ್ತವೆ. ಚಕ್ರ ಸುತ್ತಿದಷ್ಟು ಸಲವೂ ಆ ಬಾಗು ಸ್ಟಡ್ಡನ್ನು ದಣಿಸುತ್ತದೆ, ಒಂದು ದಿನ ಅದು ಮುರಿಯುತ್ತದೆ. ಒಂದು ಮುರಿದರೆ ಉಳಿದ ನಾಲ್ಕರ ಮೇಲೆ ಹೊರೆ. 'ಸ್ವಲ್ಪ ಅಡ್ಜಸ್ಟ್ ಆಗುತ್ತೆ' ಎಂದು ಯಾರು ಹೇಳಿದರೂ ಒಪ್ಪಬೇಡಿ. ಪಿಸಿಡಿಯಲ್ಲಿ ಅಡ್ಜಸ್ಟ್ ಎಂಬುದಿಲ್ಲ.

ರಿಮ್ಮಿನ ನಡುವಿನ ದೊಡ್ಡ ರಂಧ್ರ ಹಬ್ಬಿನ ಉಬ್ಬಿನ ಮೇಲೆ ಕೂರಬೇಕು. ಚಿಕ್ಕದಾದರೆ ಚಕ್ರವೇ ಏರುವುದಿಲ್ಲ. ಹೊರಗಿನ ತಯಾರಕರು ಹಲವು ಕಾರುಗಳಿಗೆ ಒಂದೇ ರಿಮ್ ಮಾರಬೇಕಾದ್ದರಿಂದ ಈ ರಂಧ್ರವನ್ನು ದೊಡ್ಡದಾಗಿಯೇ ಕೊರೆಯುತ್ತಾರೆ. ಹಬ್ 64.1 ಮಿ.ಮೀ., ರಿಮ್ಮಿನ ರಂಧ್ರ 73.1 ಇದ್ದರೆ ಸುತ್ತಲೂ ನಾಲ್ಕೂವರೆ ಮಿ.ಮೀ. ಖಾಲಿ. ಚಕ್ರ ಕೂದಲೆಳೆಯಷ್ಟು ಆಚೀಚೆ ಕೂತರೂ ವೇಗದಲ್ಲಿ ನಡುಕ ಶುರುವಾಗುತ್ತದೆ, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ಒಳಗೆ 64.1, ಹೊರಗೆ 73.1 ಇರುವ ಹಬ್ ರಿಂಗ್ ನಾಲ್ಕು ಚಕ್ರಕ್ಕೂ ಹಾಕಿಸಿ. ಸಣ್ಣ ವಸ್ತು, ಆದರೆ ಬಿಡಬಾರದ್ದು.

ಇನ್ನು ಇಟಿ, ಅಂದರೆ ಆಫ್‌ಸೆಟ್. ರಿಮ್ಮಿನ ಅಗಲದ ನಡುಗೆರೆಯಿಂದ, ಹಬ್ಬಿಗೆ ತಾಗುವ ಮುಖ ಎಷ್ಟು ಮಿ.ಮೀ. ಹೊರಕ್ಕಿದೆ ಎಂಬುದರ ಅಳತೆ. ಅಂಕೆ ಕಡಿಮೆಯಾದಷ್ಟೂ ಚಕ್ರ ಕಾರಿನಿಂದ ಹೊರಕ್ಕೆ ಬರುತ್ತದೆ, ಹೆಚ್ಚಾದಷ್ಟೂ ಒಳಕ್ಕೆ ಹೋಗುತ್ತದೆ. ಅಗಲವೂ ಬದಲಾಗುತ್ತಿದ್ದರೆ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು. ಹಳೆಯದು 6.5ಜೆ ಇಟಿ 45, ಹೊಸದು 7ಜೆ ಇಟಿ 40 ಎಂದಿಟ್ಟುಕೊಳ್ಳಿ. ಅಗಲ ಅರ್ಧ ಇಂಚು ಹೆಚ್ಚಿತು, ಅಂದರೆ ಎರಡೂ ಬದಿಗೆ 6.35 ಮಿ.ಮೀ. ಆಫ್‌ಸೆಟ್ 5 ಕಡಿಮೆಯಾದ್ದರಿಂದ ಇಡೀ ಚಕ್ರ 5 ಮಿ.ಮೀ. ಹೊರಗೆ ಬಂತು. ಹೊರಗಿನ ಅಂಚು 11.35 ಮಿ.ಮೀ. ಹೊರಕ್ಕೆ, ಒಳಗಿನ ಅಂಚು 1.35 ಒಳಕ್ಕೆ. ಇದು ಅನೇಕ ಕಾರುಗಳಲ್ಲಿ ನಡೆದೀತು. ಆದರೆ 7.5ಜೆ ಇಟಿ 25 ಹಾಕಿದರೆ ಹೊರಗಿನ ಅಂಚು 32.7 ಮಿ.ಮೀ. ಆಚೆ ಬರುತ್ತದೆ. ಮಡ್‌ಗಾರ್ಡಿನ ಅಂಚು ಟೈರನ್ನು ಕೊಯ್ಯುತ್ತದೆ, ಬೇರಿಂಗಿನ ಮೇಲೆ ಹೊರೆ ಏರುತ್ತದೆ, ರಸ್ತೆಯ ಉಬ್ಬುತಗ್ಗು ಸ್ಟೀರಿಂಗನ್ನು ಕೈಯಿಂದ ಎಳೆಯುತ್ತದೆ. ಆಫ್‌ಸೆಟ್ ಮೂಲಕ್ಕಿಂತ 5 ಮಿ.ಮೀ.ಗಿಂತ ಹೆಚ್ಚು ಬದಲಾಗುತ್ತಿದ್ದರೆ ಅಳೆಯದೆ ಮುಂದುವರಿಯಬೇಡಿ.

ರಿಮ್ಮಿನ ಮೇಲೆ ಅದು ಹೊರಬಲ್ಲ ಗರಿಷ್ಠ ಭಾರವೂ ಇರಬೇಕು, ಆಕ್ಸಲ್ ಭಾರದ ಅರ್ಧಕ್ಕಿಂತ ಕಡಿಮೆ ಇರಕೂಡದು. ಆ ಅಚ್ಚೇ ಇಲ್ಲದ ರಿಮ್ಮನ್ನು ಬಿಟ್ಟುಬಿಡಿ.

ನಟ್ಟು ಬೋಲ್ಟು

ಹಳೆಯ ನಟ್ಟು ಹೊಸ ರಿಮ್ಮಿಗೆ ಆಗಲೇಬೇಕೆಂದಿಲ್ಲ. ನಟ್ಟಿನ ಕೂರುವ ಭಾಗ ಮೂರು ಬಗೆ: 60 ಡಿಗ್ರಿಯ ಶಂಕು, ಗೋಳ, ಚಪ್ಪಟೆ. ಶಂಕುವಿನ ಗುಳಿಗೆ ಗೋಳದ ನಟ್ಟು ಹಾಕಿದರೆ ತಾಗುವುದು ಒಂದು ತೆಳು ಗೆರೆಯಲ್ಲಿ ಮಾತ್ರ. ಓಡಾಟದಲ್ಲಿ ಆ ಗೆರೆ ಸವೆದು ನಟ್ಟು ಸಡಿಲವಾಗುತ್ತದೆ. ಪರೀಕ್ಷಿಸಲು ನಟ್ಟಿನ ಮುಖಕ್ಕೆ ಮಾರ್ಕರ್ ಶಾಯಿ ಬಳಿದು, ಬಿಗಿಸಿ, ಬಿಚ್ಚಿ ನೋಡಿ. ಶಾಯಿ ಅಗಲವಾದ ಪಟ್ಟಿಯಾಗಿ ಅಳಿಸಿರಬೇಕು. ಥ್ರೆಡ್ಡೂ ಬೇರೆ ಬೇರೆ: 12 × 1.5, 12 × 1.25, 14 × 1.5. ಮೊದಲ ಅಂಕೆ ಸ್ಟಡ್ಡಿನ ದಪ್ಪ, ಎರಡನೆಯದು ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಿನ ದೂರ, ಎರಡೂ ಮಿ.ಮೀ.ನಲ್ಲಿ. ಪಟ್ಟಿಯ ಮೊದಲೆರಡು ಬಗೆ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಎರಡು ಸುತ್ತು ಕೈಯಲ್ಲಿ ಹೋಗಿ ಬಿಗಿಯಾಯಿತೆಂದರೆ ನಿಲ್ಲಿಸಿ, ಪಾನ ಹಾಕಿ ತಿರುಗಿಸಬೇಡಿ. ಸ್ಟಡ್ಡಿನ ದಪ್ಪದಷ್ಟಾದರೂ ಥ್ರೆಡ್ ಒಳಗೆ ಹಿಡಿದಿರಬೇಕು. 12 × 1.5ಕ್ಕೆ ಅದು ಎಂಟು ಸುತ್ತು. ಬೋಲ್ಟು ಬಳಸುವ ಕಾರುಗಳಲ್ಲಿ ಉಲ್ಟಾ ಅಪಾಯವೂ ಇದೆ: ದಪ್ಪ ಅಲಾಯ್ ಚಕ್ರಕ್ಕೆಂದು ಬಂದ ಉದ್ದ ಬೋಲ್ಟನ್ನು ತೆಳ್ಳಗಿನ ಕಬ್ಬಿಣದ ಸ್ಟೆಪ್ನಿಗೆ ಹಾಕಿದರೆ ಅದರ ತುದಿ ಒಳಗಿನ ಭಾಗಗಳಿಗೆ ತಾಗುತ್ತದೆ. ಸ್ಟೆಪ್ನಿಗೆ ಬೇರೆ ಬೋಲ್ಟು ಬೇಕಾದರೆ ಅವನ್ನು ಕಾರಿನಲ್ಲೇ ಇಟ್ಟುಕೊಳ್ಳಿ.

ಕೊಳ್ಳುವಾಗ, ಹಾಕಿಸುವಾಗ

ಟೈರಿನ ಪಕ್ಕದಲ್ಲಿ 'ಡಾಟ್' ಎಂಬ ಅಚ್ಚಿನ ಕೊನೆಯ ನಾಲ್ಕು ಅಂಕೆ ಓದಿ. 2423 ಎಂದರೆ 2023ರ 24ನೇ ವಾರ ತಯಾರಾದದ್ದು. ನಾಲ್ಕಕ್ಕೂ ನೋಡಿ, ಒಂದು ಕಡೆ ಮಾತ್ರ ಇರುವುದುಂಟು. ಎರಡೇ ಟೈರು ಬದಲಿಸುತ್ತಿದ್ದರೆ ಹೊಸವು ಹಿಂದಕ್ಕೆ ಹೋಗಲಿ, ಎಂಜಿನ್ ಯಾವ ಚಕ್ರ ತಿರುಗಿಸಿದರೂ ಸರಿ. ಒದ್ದೆ ರಸ್ತೆಯಲ್ಲಿ ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ವೇಗ ಇಳಿಸಿ ಹಿಡಿಯಬಹುದು. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಸರಿ.

ಹೊಸ ರಿಮ್ಮಿಗೆ ಟೈರು ಹಾಕಿಸುವ ಮೊದಲು ಖಾಲಿ ರಿಮ್ಮನ್ನು ಮುಂದಿನ ಹಬ್ಬಿಗೆ ಕೂರಿಸಿ ನೋಡಿ. ಟೈರು ಏರಿದ ರಿಮ್ಮನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದು ಕಷ್ಟ. ಬ್ರೇಕ್ ಕ್ಯಾಲಿಪರಿನ (ಬ್ರೇಕಿನ ಡಿಸ್ಕನ್ನು ಹಿಡಿಯುವ ಭಾಗ) ಮೇಲೆ ಮಕ್ಕಳು ಆಡುವ ಕ್ಲೇ ಮಣ್ಣಿನ ಸಣ್ಣ ಉಂಡೆ ಅಂಟಿಸಿ, ನಟ್ಟು ಹಾಕಿ, ನಿಧಾನಕ್ಕೆ ಒಂದು ಸುತ್ತು ತಿರುಗಿಸಿ, ಬಿಚ್ಚಿ. ಚಪ್ಪಟೆಯಾದ ಉಂಡೆಯ ದಪ್ಪವೇ ಅಲ್ಲಿರುವ ಜಾಗ. ಕನಿಷ್ಠ 3 ಮಿ.ಮೀ. ಇರಲಿ. ಟೈರು ಹಾಕಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಒಳಗೆ ಶಾಕ್ ಅಬ್ಸಾರ್ಬರಿನ ಬಳಿ, ಮಡ್‌ಗಾರ್ಡಿನ ಪ್ಲಾಸ್ಟಿಕ್ಕಿನ ಬಳಿ ಬೆರಳಾಡಿಸಿ. ಆಮೇಲೆ ಸೀಟು ತುಂಬ ಜನರನ್ನು ಕೂರಿಸಿ ಇನ್ನೊಮ್ಮೆ ನೋಡಿ. ಖಾಲಿ ಕಾರಿನಲ್ಲಿ ಸಿಕ್ಕ ಜಾಗ ಲೆಕ್ಕಕ್ಕಿಲ್ಲ. ಗಾಳಿಯ ಒತ್ತಡ ತೋರಿಸುವ ಸೆನ್ಸರ್ ಹಳೆಯ ಚಕ್ರದಲ್ಲಿದ್ದರೆ ಹೊಸದಕ್ಕೆ ವರ್ಗಾಯಿಸಲು ಹೇಳಿ.

ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು ಚಕ್ರ ಕೂರಿಸಬೇಕು. ನಟ್ಟುಗಳನ್ನು ಮೊದಲು ಕೈಯಲ್ಲಿ, ನಂತರ ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ, ಕೊನೆಗೆ ಕಾರನ್ನು ನೆಲಕ್ಕಿಳಿಸಿ ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿಸಬೇಕು. ಗಾಳಿಯ ಗನ್ನಿನಿಂದ ಕೊನೆಯವರೆಗೆ ಬಿಗಿಸಲು ಬಿಡಬೇಡಿ, ಸ್ಟಡ್ಡು ಹಿಗ್ಗುತ್ತದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರ ತಣ್ಣಗಿರುವಾಗ ಎಲ್ಲ ನಟ್ಟುಗಳನ್ನೂ ಅದೇ ರೆಂಚಿನಿಂದ ಮತ್ತೆ ನೋಡಿ. ಹೊಸ ಅಲಾಯ್ ಚಕ್ರದ ಬಣ್ಣದ ಪದರ ಒತ್ತಿಕೊಂಡು ಕೂತಾಗ ನಟ್ಟು ಅಷ್ಟಿಷ್ಟು ಸಡಿಲವಾಗುವುದು ಸಹಜ.