ಥಯೊಪೆಂಟಾಲ್ ಪ್ಲೇಟು: ಜರ್ಕಾಟ್ ಸತ್ತದ್ದು ಔಷಧದಿಂದಲೋ, ಕ್ಷಾರದಿಂದಲೋ?

ಬಾರ್ಬಿಚುರೇಟ್ ಎಂಬ ನಿದ್ರಾಜನಕಗಳಲ್ಲಿ ಥಯೊಪೆಂಟಾಲ್ ಎಂಬ ಅರಿವಳಿಕೆ ಔಷಧ ಟಿ-ಕೋಶಗಳ (ರೋಗನಿರೋಧಕ ಬಿಳಿ ರಕ್ತಕಣಗಳ) ಎನ್‌ಎಫ್-ಕಪ್ಪಾ-ಬಿಯನ್ನು, ಅಂದರೆ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನನ್ನು, ತಡೆಯುತ್ತದೆ. ಟಿ-ಲ್ಯುಕೇಮಿಯಾ (ಟಿ-ಕೋಶಗಳ ರಕ್ತ ಕ್ಯಾನ್ಸರ್) ರೋಗಿಯಿಂದ ಬಂದು ಲ್ಯಾಬ್‌ನಲ್ಲಿ ಬೆಳೆಯುವ ಜರ್ಕಾಟ್ ಕೋಶಗಳ ಮೇಲೆ ನಾವು ಅದನ್ನು ನೋಡುವುದು ಈ ಕಾರಣಕ್ಕೆ. ಕೋಶ ಪುಣೆಯ ಗಣೇಶಖಿಂಡದಲ್ಲಿರುವ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ಬರುತ್ತದೆ. ತಂದ ಕೂಡಲೇ ಮೈಕೊಪ್ಲಾಸ್ಮಾ (ಕೋಶಗಳಿಗೆ ಸೋಂಕುವ ಸೂಕ್ಷ್ಮ ಬ್ಯಾಕ್ಟೀರಿಯಾ) ಪರೀಕ್ಷೆ ಆಗಲೇಬೇಕು.

ಥಯೊಪೆಂಟಾಲ್‌ನ 500 ಮಿ.ಗ್ರಾಂ ವಯಲ್‌ಗೆ 20 ಮಿ.ಲೀ. ಸ್ಟೆರೈಲ್ ನೀರು ಹಾಕಿದರೆ ಮಿ.ಲೀ.ಗೆ 25 ಮಿ.ಗ್ರಾಂ. ಈ ದ್ರಾವಣದ ಪಿಎಚ್ 10ಕ್ಕೂ ಮೇಲೆ. ನೇರವಾಗಿ ವೆಲ್‌ಗೆ (ಪ್ಲೇಟಿನ ಪುಟ್ಟ ಗುಂಡಿಗೆ) ಬಿಟ್ಟರೆ ಮೀಡಿಯಂನಲ್ಲಿರುವ ಪಿಎಚ್ ಸೂಚಕ ಬಣ್ಣ ಫಿನಾಲ್ ರೆಡ್ ಕಡು ಗುಲಾಬಿಗೆ ತಿರುಗುತ್ತದೆ. ಕೋಶ ಸಾಯುವುದಕ್ಕೆ ಅದೊಂದೇ ಸಾಕು. ಹಾಗಂತ ಆಸಿಡ್ ಹಾಕಿ ಸರಿಮಾಡಲು ಹೋಗಬೇಡಿ. ಪಿಕೆಎ (ಅರ್ಧ ಔಷಧ ಅಯಾನಾಗುವ ಪಿಎಚ್) 7.6 ಆದ್ದರಿಂದ ಪಿಎಚ್ 7.4ರಲ್ಲೇ ಅರ್ಧಕ್ಕಿಂತ ಹೆಚ್ಚು ಔಷಧ ಅಯಾನಾಗದೆ ಉಳಿಯುತ್ತದೆ, ನೀರಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಆಸಿಡ್ ಬಿದ್ದ ಜಾಗದಲ್ಲಿ ಬಿಳಿ ಮೋಡ ಕಟ್ಟುತ್ತದೆ.

ನಮ್ಮ ಪದ್ಧತಿ: 10% ಸೀರಂ ಇರುವ ಆರ್‌ಪಿಎಂಐ 1640 ಎಂಬ ಕೋಶ ಬೆಳೆಸುವ ಮೀಡಿಯಂನ ಪ್ರತಿ ಮಿ.ಲೀ.ಗೆ 32 ಮೈಕ್ರೊಲೀಟರ್ ಔಷಧವನ್ನು ಹನಿಹನಿಯಾಗಿ, ಅಲ್ಲಾಡಿಸುತ್ತ ಬೆರೆಸಿ, ಮುಚ್ಚಳ ಸಡಿಲವಿಟ್ಟು ಅರ್ಧ ಗಂಟೆ 5% ಸಿಒ2 ಇನ್‌ಕ್ಯುಬೇಟರ್‌ನಲ್ಲಿಡುವುದು. ಬಣ್ಣ ಮಾಮೂಲಿಗೆ ಮರಳಿದ ಮೇಲೆ ಒಂದು ಹನಿಯನ್ನು ಮೈಕ್ರೊಸ್ಕೋಪಿನಲ್ಲಿ ನೋಡಿ. ಸಣ್ಣ ಸೂಜಿಗಳು ಹೊಳೆದರೆ ಆ ಡೋಸ್ ಬಿಡಿ. ಹರಳು ಕಂಡ ಮೇಲೆ ನಿಜವಾದ ಪ್ರಮಾಣ ಎಷ್ಟೆಂದು ಹೇಳಲಾಗದು.

ಇದು ಮಿ.ಲೀ.ಗೆ ಸುಮಾರು 800 ಮೈಕ್ರೊಗ್ರಾಂ. ಅರ್ಧರ್ಧ ಮಾಡುತ್ತ ಇಳಿಸಿ, ಸಮ ಪ್ರಮಾಣದ ಕೋಶದ ಜೊತೆ ಸೇರಿಸಿದರೆ ಕೊನೆಗೆ ಮಿ.ಲೀ.ಗೆ 400ರಿಂದ 25 ಮೈಕ್ರೊಗ್ರಾಂವರೆಗಿನ ಡೋಸ್‌ಗಳು. ವೆಲ್‌ಗೆ 20,000 ಕೋಶ, ಒಟ್ಟು 200 ಮೈಕ್ರೊಲೀಟರ್. ಕಂಟ್ರೋಲ್‌ಗೆ ಬರೀ ನೀರು ಸಾಲದು, ಔಷಧವಿಲ್ಲದೆ ಅದೇ ಪಿಎಚ್‌ಗೆ ಏರಿಸಿದ ಮೀಡಿಯಂ ಒಂದು ಸಾಲು ಇರಲಿ. ಪುಣೆಯ ಏಪ್ರಿಲ್ ಒಣಹವೆಗೆ ಇನ್‌ಕ್ಯುಬೇಟರ್‌ನ ನೀರಿನ ಟ್ರೇ ಬೇಗ ಒಣಗುತ್ತದೆ; 96 ವೆಲ್ ಪ್ಲೇಟಿನ ಹೊರಸುತ್ತಿನ 36 ವೆಲ್‌ಗಳಿಗೆ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ತುಂಬಿ ಬಿಡುತ್ತೇವೆ.

24 ಗಂಟೆಯ ನಂತರ 5 ಮಿ.ಗ್ರಾಂ/ಮಿ.ಲೀ. ಎಂಟಿಟಿ 20 ಮೈಕ್ರೊಲೀಟರ್, ನಾಲ್ಕು ಗಂಟೆ. ಎಂಟಿಟಿ ಹಳದಿ ಬಣ್ಣದ ವಸ್ತು, ಬದುಕಿರುವ ಕೋಶ ಅದನ್ನು ನೇರಳೆ ಹರಳಾಗಿಸುತ್ತದೆ. ಜರ್ಕಾಟ್ ತಳಕ್ಕೆ ಅಂಟುವುದಿಲ್ಲ. ಹೀರುವ ಮುನ್ನ ಪ್ಲೇಟನ್ನೇ ಸೆಂಟ್ರಿಫ್ಯೂಜ್ ಮಾಡದಿದ್ದರೆ ನೇರಳೆ ಹರಳೆಲ್ಲ ಪಿಪೆಟ್ಟಿಗೆ ಹೋಗಿ, "ಔಷಧ ಅದ್ಭುತ" ಅನ್ನಿಸಿಬಿಡುತ್ತದೆ. ಡಿಎಂಎಸ್‌ಒದಲ್ಲಿ ಕರಗಿಸಿ 570 ನ್ಯಾನೊಮೀಟರ್ ಬೆಳಕಿನಲ್ಲಿ ಬಣ್ಣ ಓದಿ. ಕೋಶವಿಲ್ಲದೆ ಔಷಧ ಮಾತ್ರ ಇರುವ ವೆಲ್ ತಪ್ಪದೆ ಇಡಿ: ಗಂಧಕವಿರುವ ಅಣು, ಎಂಟಿಟಿಯನ್ನು ತಾನೇ ಬಣ್ಣಕ್ಕೆ ತಿರುಗಿಸುತ್ತದೆಯೇ ಎಂದು ಅಲ್ಲೇ ತಿಳಿಯುತ್ತದೆ. ಸಾವಿನ ಬಗೆ ತಿಳಿಯಲು ಅನೆಕ್ಸಿನ್-ವಿ (ತಾನಾಗಿ ಸಾಯಹೊರಟ ಕೋಶಕ್ಕೆ ಅಂಟುವ ಪ್ರೋಟೀನ್) ಮತ್ತು ಪಿಐ (ಪೊರೆ ಹರಿದ ಕೋಶದೊಳಗೆ ಹೋಗುವ ಬಣ್ಣ); ಪಾಸಿಟಿವ್ ಕಂಟ್ರೋಲ್‌ಗೆ ಕೋಶವನ್ನು ಖಚಿತವಾಗಿ ಸಾಯಿಸುವ ಕ್ಯಾಂಪ್ಟೊಥೆಸಿನ್.

ರೋಗಿಯ ರಕ್ತದಲ್ಲಿ ಸುಮಾರು 80% ಥಯೊಪೆಂಟಾಲ್ ಪ್ರೋಟೀನಿಗೆ ಅಂಟಿರುತ್ತದೆ. 10% ಸೀರಂನಲ್ಲಿ ಅಷ್ಟು ಪ್ರೋಟೀನ್ ಎಲ್ಲಿಂದ ಬರಬೇಕು? ಹಾಗಾಗಿ ಡಿಶ್‌ನಲ್ಲಿ ಅಂಟದೆ ಉಳಿಯುವ ಔಷಧದ ಪಾಲು ಹೆಚ್ಚು. ಡಿಶ್‌ನ ಅಂಕಿಯನ್ನು ರಕ್ತದ ಅಂಕಿಯ ಪಕ್ಕ ಹಾಗೇ ಬರೆದರೆ ಎರಡರ ನಡುವೆ ಹೋಲಿಕೆಯೇ ಇರುವುದಿಲ್ಲ.