ಫೇಜ್ ಪ್ರಯೋಗದಲ್ಲಿ ಅರ್ಧ ಕೆಲಸ ಬ್ಯಾಕ್ಟೀರಿಯಾದ್ದೇ: ನನ್ನ ಅನುಭವ

ವೈರಸ್ಸು ತನ್ನ ಆತಿಥೇಯ ಕೋಶವನ್ನು ಹೇಗೆ ಹಿಡಿಯುತ್ತದೆ, ಎಷ್ಟು ಹೊತ್ತಿಗೆ ಒಡೆದು ಹೊರಬರುತ್ತದೆ ಎಂಬುದನ್ನು ಸಾಮಾನ್ಯ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲೇ ಅಳೆಯಬೇಕೆಂದರೆ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸಾದ ಬ್ಯಾಕ್ಟೀರಿಯಾಫೇಜ್‌ಗಿಂತ ಒಳ್ಳೆಯ ದಾರಿಯಿಲ್ಲ. ನಾನು ಬಳಸುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಮತ್ತು ಅದಕ್ಕೆ ತಗಲುವ ಟಿ4, ಲ್ಯಾಂಬ್ಡಾ ಫೇಜ್‌ಗಳನ್ನು. ಫಲಿತಾಂಶ ಕೆಟ್ಟಾಗ ಹೆಚ್ಚಿನವರು ಫೇಜ್ ಟ್ಯೂಬನ್ನು ಅನುಮಾನಿಸುತ್ತಾರೆ. ನಾನು ಮೊದಲು ನೋಡುವುದು ಬ್ಯಾಕ್ಟೀರಿಯಾ ಬೆಳೆದ ಫ್ಲಾಸ್ಕನ್ನು.

ರಾತ್ರಿಯಿಡೀ ಬೆಳೆದ ಕಲ್ಚರನ್ನು ಹೊಸ ಎಲ್‌ಬಿ ಎಂಬ ಪೋಷಕ ಮಾಧ್ಯಮಕ್ಕೆ 1:100ರಂತೆ ಹಾಕಿ, 37 ಡಿಗ್ರಿಯಲ್ಲಿ ನಿಮಿಷಕ್ಕೆ 180 ಸುತ್ತಿನಂತೆ ಅಲ್ಲಾಡಿಸಿ, 600 ನ್ಯಾನೋಮೀಟರಿನಲ್ಲಿ ಓಡಿ (ಕಲ್ಚರ್ ಎಷ್ಟು ಮಬ್ಬಾಗಿದೆ ಎಂದು ಬೆಳಕಿನಿಂದ ಅಳೆದ ಅಂಕಿ) 0.4 ಮುಟ್ಟಿದಾಗ ಮಂಜುಗಡ್ಡೆಯಲ್ಲಿಡುತ್ತೇನೆ. ರಾತ್ರಿಯ ಹಳೆಯ ಕಲ್ಚರನ್ನೇ ನೇರವಾಗಿ ಬಳಸಿದರೆ ಕೋಶಗಳು ಬೆಳವಣಿಗೆ ನಿಲ್ಲಿಸಿರುತ್ತವೆ. ಒಳಹೊಕ್ಕ ಟಿ4ಗೆ ಪ್ರೋಟೀನ್ ಕಟ್ಟಲು ಬೇಕಾದ ಸಾಮಗ್ರಿ ಸಾಲದೆ ಹೊರಬರುವ ಫೇಜ್‌ಗಳ ಸಂಖ್ಯೆ ಕುಸಿಯುತ್ತದೆ. ಓಡಿ 0.4 ಎಂದರೆ ಎಷ್ಟು ಕೋಶ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ನಿಮ್ಮ ಯಂತ್ರದಲ್ಲಿ ಓಡಿ ನೋಡಿ, ಅದೇ ಕಲ್ಚರನ್ನು ಪ್ಲೇಟ್‌ಗೆ ಹಾಕಿ ಕಾಲೊನಿ ಎಣಿಸಿ, ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಲ್ಯಾಂಬ್ಡಾಗೆ ಇನ್ನೊಂದು ಉಪಚಾರ ಬೇಕು. ಅದು ಅಂಟಿಕೊಳ್ಳುವುದು ಲ್ಯಾಮ್‌ಬಿ ಎಂಬ ಪ್ರೋಟೀನಿಗೆ. ಮಾಲ್ಟೋಸ್ ಸಕ್ಕರೆಯನ್ನು ಒಳಗೆ ಬಿಡಲು ಬ್ಯಾಕ್ಟೀರಿಯಾ ಇಟ್ಟುಕೊಂಡ ಬಾಗಿಲು ಅದು. ಹಾಗಾಗಿ ಮಾಧ್ಯಮಕ್ಕೆ 0.2% ಮಾಲ್ಟೋಸ್, 10 ಮಿಲಿಮೋಲಾರ್ ಮೆಗ್ನೀಸಿಯಂ ಸಲ್ಫೇಟ್ ಸೇರಿಸುತ್ತೇನೆ. ಗ್ಲೂಕೋಸ್ ಇದ್ದರೆ ಕೋಶ ಆ ಬಾಗಿಲು ಕಟ್ಟುವ ಗೋಜಿಗೇ ಹೋಗುವುದಿಲ್ಲ, ಪ್ಲಾಕ್ (ಫೇಜ್ ಬ್ಯಾಕ್ಟೀರಿಯಾವನ್ನು ಕೊಂದಲ್ಲಿ ಪ್ಲೇಟಿನ ಮೇಲೆ ಮೂಡುವ ಬಯಲು ಚುಕ್ಕೆ) ಕಡಿಮೆಯಾಗುತ್ತವೆ. ಫೇಜ್ ಸತ್ತಿದೆ ಎಂದು ಬಿಸಾಡಿದ ಎಷ್ಟೋ ಟ್ಯೂಬ್‌ಗಳಲ್ಲಿ ಫೇಜ್ ಚೆನ್ನಾಗಿಯೇ ಇರುತ್ತದೆ.

ಪ್ಲೇಟ್ ಹಾಕುವಾಗ ಕೆಳಗೆ 1.5% ಅಗಾರ್ (ಮಾಧ್ಯಮವನ್ನು ಗಟ್ಟಿಮಾಡುವ ಪದಾರ್ಥ), ಮೇಲೆ 0.6% ಮೆದು ಅಗಾರ್ 3 ಮಿ.ಲೀ. ಮೆದು ಅಗಾರ್ 46–47 ಡಿಗ್ರಿಯಲ್ಲಿರಬೇಕು. ಐವತ್ತು ದಾಟಿದರೆ ಬ್ಯಾಕ್ಟೀರಿಯಾ ಬೇಯುತ್ತದೆ, ತಣ್ಣಗಾದರೆ ಸುರಿಯುವಷ್ಟರಲ್ಲಿ ಗಂಟುಗಟ್ಟುತ್ತದೆ. ವಾಟರ್ ಬಾತ್‌ನ ಫಲಕದಲ್ಲಿ ತೋರಿಸುವ ಅಂಕಿ ನಂಬಬೇಡಿ. ನೀರು ತುಂಬಿದ ಒಂದು ಟ್ಯೂಬನ್ನು ಜೊತೆಗಿಟ್ಟು ಅದರೊಳಗೆ ಥರ್ಮಾಮೀಟರ್ ಹಾಕಿ. 100 ಮೈಕ್ರೋಲೀಟರ್ ಫೇಜ್, 200 ಮೈಕ್ರೋಲೀಟರ್ ಬ್ಯಾಕ್ಟೀರಿಯಾ ಬೆರೆಸಿ, 10 ನಿಮಿಷ ಬಿಟ್ಟು, ಅಗಾರ್‌ಗೆ ಸೇರಿಸಿ ಸುರಿಯುತ್ತೇನೆ. ಮಂಗಳೂರಿನಂಥ ಕರಾವಳಿ ಊರಿನ ಮಳೆಗಾಲದಲ್ಲಿ ಪ್ಲೇಟಿನ ಮೇಲ್ಮೈ ಒದ್ದೆಯಿದ್ದು ಮೇಲಿನ ಪದರ ಜಾರುತ್ತದೆ, ಪ್ಲಾಕ್‌ಗಳು ಒಂದಕ್ಕೊಂದು ಹರಿದುಕೊಳ್ಳುತ್ತವೆ. ಲ್ಯಾಮಿನಾರ್ ಹುಡ್‌ನಲ್ಲಿ ಮುಚ್ಚಳ ತೆಗೆದು 20 ನಿಮಿಷ ಒಣಗಿಸಿದರೆ ಸರಿಹೋಗುತ್ತದೆ.

ಫೇಜ್ ದ್ರಾವಣವನ್ನು ತೆಳುಗೊಳಿಸುವ ಪ್ರತಿ ಹಂತಕ್ಕೂ ಹೊಸ ಪಿಪೆಟ್ ಟಿಪ್. ಹಳೆಯ ಟಿಪ್‌ಗೆ ಅಂಟಿದ ಫೇಜ್ ಮುಂದಿನ ಟ್ಯೂಬಿಗೆ ಹೋಗಿ ಲೆಕ್ಕವನ್ನು ಉಬ್ಬಿಸುತ್ತದೆ. 30ರಿಂದ 300 ಪ್ಲಾಕ್ ಇರುವ ಪ್ಲೇಟನ್ನು ಮಾತ್ರ ಎಣಿಸಿ. 10⁻⁶ ದ್ರಾವಣದ 0.1 ಮಿ.ಲೀ.ನಲ್ಲಿ 42 ಬಂದರೆ, ಮೂಲದಲ್ಲಿ ಮಿ.ಲೀ.ಗೆ 4.2 × 10⁸.

ಈಗ ಅಂಟಿಕೊಳ್ಳುವ ವೇಗ. ಮಿ.ಲೀ.ಗೆ 10⁸ ಕೋಶವಿರುವ ಕಲ್ಚರಿಗೆ 10⁷ ಟಿ4 ಹಾಕುತ್ತೇನೆ, ಅಂದರೆ ಹತ್ತು ಕೋಶಕ್ಕೆ ಒಂದು ಫೇಜ್. ಈ ಪ್ರಮಾಣದಲ್ಲಿ ಪುವಾಸೋನ್ ಸಂಭವನೀಯತೆಯ ಲೆಕ್ಕದಂತೆ ಸುಮಾರು 9.5% ಕೋಶಗಳಿಗೆ ಸೋಂಕು ತಗಲುತ್ತದೆ, ಒಂದಕ್ಕಿಂತ ಹೆಚ್ಚು ಫೇಜ್ ಹೊಕ್ಕ ಕೋಶಗಳು 0.5%ರಷ್ಟು ಮಾತ್ರ. ಎರಡು ನಿಮಿಷಕ್ಕೊಮ್ಮೆ 50 ಮೈಕ್ರೋಲೀಟರ್ ತೆಗೆದು, ಕೆಲವು ಹನಿ ಕ್ಲೋರೋಫಾರ್ಮ್ ಹಾಕಿದ 950 ಮೈಕ್ರೋಲೀಟರ್ ತಣ್ಣನೆಯ ಎಸ್‌ಎಂ ಬಫರಿಗೆ (ಫೇಜ್ ಇಡುವ ಲವಣ ದ್ರಾವಣ) ಸೇರಿಸುತ್ತೇನೆ. ಕೋಶ ಸಾಯುತ್ತದೆ, ಅದರೊಳಗೆ ಇನ್ನೂ ಪೂರ್ಣಗೊಳ್ಳದ ಫೇಜ್ ಕೂಡ ಲೆಕ್ಕಕ್ಕೆ ಬರುವುದಿಲ್ಲ. ಉಳಿಯುವುದು ಅಂಟದೆ ತಿರುಗುತ್ತಿದ್ದ ಫೇಜ್ ಮಾತ್ರ. 10 ನಿಮಿಷದೊಳಗೆ ಮುಗಿಸಿ, ಆಮೇಲೆ ಒಳಗೆ ಹೊಸ ಫೇಜ್ ತಯಾರಾಗತೊಡಗುತ್ತವೆ. ಪಾಲಿಸ್ಟೈರೀನ್ ಟ್ಯೂಬ್ ಕ್ಲೋರೋಫಾರ್ಮ್‌ನಲ್ಲಿ ಕರಗುತ್ತದೆ, ಪಾಲಿಪ್ರೊಪಿಲೀನ್ ಅಥವಾ ಗಾಜಿನದು ಬಳಸಿ. ತಳದ ಕ್ಲೋರೋಫಾರ್ಮ್ ಹನಿ ಪಿಪೆಟ್‌ನಲ್ಲಿ ಬಂದರೆ ಪ್ಲೇಟಿನಲ್ಲಿ ಸುಳ್ಳು ಬಯಲು ಮೂಡುತ್ತದೆ. ಬ್ಯಾಕ್ಟೀರಿಯಾ ಇಲ್ಲದ ಮಾಧ್ಯಮದಲ್ಲಿ ಅಷ್ಟೇ ಫೇಜ್ ಹಾಕಿದ ಟ್ಯೂಬೊಂದು ಜೊತೆಗಿರಲೇಬೇಕು. ಆರಂಭದ ಸಂಖ್ಯೆ ಸಿಗುವುದು ಅಲ್ಲಿಂದ. 10 ನಿಮಿಷದಲ್ಲಿ 90% ಅಂಟಿದ್ದರೆ ವೇಗಾಂಕ 2.3 (10ರ ಸ್ವಾಭಾವಿಕ ಲಾಗ್) ÷ (10⁸ × 10), ಅಂದರೆ ನಿಮಿಷಕ್ಕೆ 2.3 × 10⁻⁹ ಮಿ.ಲೀ.

ಒಂದು ಕೋಶದಿಂದ ಎಷ್ಟು ಫೇಜ್ ಹೊರಬರುತ್ತವೆ ಎಂದು ನೋಡುವ ವಿಧಾನವನ್ನು ಎಲ್ಲಿಸ್ ಮತ್ತು ಡೆಲ್‌ಬ್ರುಕ್ 1939ರಲ್ಲಿ ಕೊಟ್ಟರು, ಇಂದಿಗೂ ಅದೇ ನಡೆಯುತ್ತಿದೆ. ಅಂಟಿದ ಮೇಲೆ ಮಿಶ್ರಣವನ್ನು 10,000 ಪಟ್ಟು ತೆಳುಗೊಳಿಸಬೇಕು. ಇಲ್ಲದಿದ್ದರೆ ಹೊರಬಂದ ಫೇಜ್ ಪಕ್ಕದ ಕೋಶಕ್ಕೆ ನುಗ್ಗಿ ಎರಡನೇ ಸುತ್ತು ಶುರುವಾಗುತ್ತದೆ, ಗ್ರಾಫ್ ಸಮತಟ್ಟಾಗುವುದೇ ಇಲ್ಲ. ತೆಳುಗೊಳಿಸಿದ ಕೂಡಲೇ ಎಣಿಸಿದಾಗ ಮಿ.ಲೀ.ಗೆ 2,200 ಪ್ಲಾಕ್, ಕ್ಲೋರೋಫಾರ್ಮ್ ಹಾಕಿ ಎಣಿಸಿದಾಗ 200 ಎಂದುಕೊಳ್ಳಿ. ಸೋಂಕಿತ ಕೋಶಗಳು 2,000. ಕೊನೆಗೆ 2.4 × 10⁵ ಬಂದರೆ ಕೋಶಕ್ಕೆ 120 ಫೇಜ್. ಆ 200ನ್ನು ಕಳೆಯಲು ಮರೆತರೆ ಉತ್ತರ 109ಕ್ಕೆ ಇಳಿಯುತ್ತದೆ. ಅಂಟುವಿಕೆ ಅರ್ಧಕ್ಕೇ ನಿಂತಿದ್ದ ದಿನ ಉತ್ತರವೂ ಅರ್ಧವಾಗಿಬಿಡುತ್ತದೆ! ಈ ಒಂದು ಕಳೆಯುವ ಲೆಕ್ಕವನ್ನು ಯಾರೂ ಕಡೆಗಣಿಸಬಾರದು.

ಯಾವ ಫೇಜ್ ಯಾವ ಬ್ಯಾಕ್ಟೀರಿಯಾಕ್ಕೆ ತಗಲುತ್ತದೆ ಎಂದು ಹನಿ ಇಟ್ಟು ನೋಡುವವರಿಗೆ ಒಂದು ಎಚ್ಚರಿಕೆ: ಗಟ್ಟಿ ದ್ರಾವಣದ ಹನಿಯಲ್ಲಿ ಬಯಲು ಮೂಡಿದರೆ ಅದು ಸೋಂಕೇ ಎಂದೇನಿಲ್ಲ. ಅತಿಯಾದ ಫೇಜ್ ಹೊರಗಿನಿಂದಲೇ ಕೋಶದ ಗೋಡೆ ಒಡೆಯಬಲ್ಲದು. ಹನಿಯನ್ನು ಹತ್ತರಂತೆ ತೆಳುಗೊಳಿಸುತ್ತಾ ಹೋಗಿ, ಬಿಡಿ ಪ್ಲಾಕ್ ಕಾಣಬೇಕು.

ಕಂಡರೂ ಸಂಖ್ಯೆ ತೀರಾ ಕಡಿಮೆಯಿರಬಹುದು. ಇ. ಕೋಲಿ ಸಿ ತಳಿಯಲ್ಲಿ ಬೆಳೆದ ಲ್ಯಾಂಬ್ಡಾವನ್ನು ಅದರದೇ ಇನ್ನೊಂದು ತಳಿ ಕೆ-12 ಮೇಲೆ ಹಾಕಿದರೆ ಹತ್ತು ಸಾವಿರಕ್ಕೆ ಕೆಲವೇ ಪ್ಲಾಕ್ ಬರುತ್ತವೆ, ಕೆ-12ನ ಕತ್ತರಿಸುವ ಕಿಣ್ವ ಉಳಿದ ಡಿಎನ್‌ಎಯನ್ನು ತುಂಡರಿಸಿರುತ್ತದೆ. ಬದುಕಿದ ಪ್ಲಾಕ್ ಒಂದನ್ನು ಕೆ-12ರಲ್ಲಿ ಬೆಳೆಸಿ ಮತ್ತೆ ಅದರ ಮೇಲೇ ಹಾಕಿದರೆ ಪೂರ್ಣ ಸಂಖ್ಯೆ ಬರುತ್ತದೆ. ಫೇಜ್ ರೂಪಾಂತರಗೊಂಡಿತು ಎಂದು ಇಲ್ಲಿಯೇ ಬರೆದುಬಿಡಬೇಡಿ. ಅದನ್ನು ಒಂದು ಸುತ್ತು ಸಿ ತಳಿಯಲ್ಲಿ ಬೆಳೆಸಿ ಕೆ-12 ಮೇಲೆ ಹಾಕಿ. ಸಂಖ್ಯೆ ಮತ್ತೆ ಬಿದ್ದರೆ ಅದು ಕೆ-12 ತನ್ನ ಡಿಎನ್‌ಎಗೆ ಒತ್ತುವ ಮೀಥೈಲ್ ಗುರುತಷ್ಟೇ. ಬೀಳದಿದ್ದರೆ ಮಾತ್ರ ರೂಪಾಂತರವನ್ನು ಹುಡುಕಲು ಹೊರಡಿ.