ಕನ್ಹೇರಿ ರಸ್ತೆಯ ಏರು, ನನ್ನ ಗಿಯರು

ಮುಂಬೈಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬೊರಿವಲಿ ಗೇಟಿನಿಂದ ಕನ್ಹೇರಿ ಗುಹೆಗಳ ಬುಡದವರೆಗೆ ಆರೇಳು ಕಿಲೋಮೀಟರ್ ಡಾಂಬರು ರಸ್ತೆ ಇದೆ. ಐವತ್ತು ದಾಟಿದ ಮೇಲೆ ನಾನು ಮತ್ತೆ ಸೈಕಲ್ ಹತ್ತಿದ್ದು ಆ ರಸ್ತೆಗಾಗಿಯೇ. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು ಮನೆಯಲ್ಲಿದ್ದೆ. ರಕ್ತದ ಸಕ್ಕರೆ ಗಡಿಯ ಹತ್ತಿರ ಬಂದಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಡಿಗೆ ಎಂದರೆ ನನಗೆ ಮೊದಲಿನಿಂದಲೂ ಬೇಸರ. ಶಿರಸಿಯಲ್ಲಿ ಅಣ್ಣನ ದೊಡ್ಡ ಸೈಕಲನ್ನು ಒಳಪೆಡಲಿನಲ್ಲಿ ತುಳಿದು ಕಲಿತವಳಾದ್ದರಿಂದ ಬೀಳುವ ಹೆದರಿಕೆ ಇರಲಿಲ್ಲ. ಗಿಯರು ಮಾತ್ರ ಹೊಸ ವಿದ್ಯೆ.

ಅಂಗಡಿಗಳಲ್ಲಿ 21 ಗಿಯರು ಎಂದು ದೊಡ್ಡದಾಗಿ ಹೇಳಿ ಮಾರುತ್ತಾರೆ. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿದರೆ 21. ವರ್ಷಗಟ್ಟಲೆ ಲೆಡ್ಜರು ನೋಡಿದ ಕಣ್ಣು ನನ್ನದು, ಸುಮ್ಮನೆ ನಂಬುವುದಿಲ್ಲ. ಮನೆಗೆ ತಂದ ದಿನವೇ ಕೂತು ಹಲ್ಲುಗಳನ್ನು ಎಣಿಸಿದೆ. ನನ್ನ ಸೈಕಲಿನಲ್ಲಿ ಮುಂದಿನ ಚಿಕ್ಕ ಚಕ್ರಕ್ಕೆ 28 ಹಲ್ಲು, ಹಿಂದಿನ ಅತಿ ದೊಡ್ಡದಕ್ಕೂ 28. ಈ ಜೋಡಿಯಲ್ಲಿ ಪೆಡಲು ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. 26 ಇಂಚಿನ ಗಾಲಿಗೆ ಅದು ಎರಡು ಮೀಟರಿಗಿಂತ ತುಸು ಹೆಚ್ಚು ದೂರ. ಮುಂದೆ 48, ಹಿಂದೆ 14 ಹಲ್ಲಿನ ಚಕ್ರ ಹಾಕಿಕೊಂಡರೆ ಅದೇ ಒಂದು ಸುತ್ತಿಗೆ ಏಳು ಮೀಟರು. ಏಳು ಮೀಟರಿನ ಕೆಲಸವನ್ನು ಒಂದು ಸುತ್ತಿನಲ್ಲಿ ಮಾಡು ಎಂದರೆ, ಅದೂ ಏರಿನಲ್ಲಿ, ಮೊಣಕಾಲು ಕೂಗಿಕೊಳ್ಳದೆ ಇನ್ನೇನು ಮಾಡೀತು? ಉಳಿದಂತೆ ಆ 21ರಲ್ಲಿ ಎಷ್ಟೋ ಜೋಡಿಗಳು ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತವೆ. ಮುಂದಿನ ಚಿಕ್ಕದಕ್ಕೆ ಹಿಂದಿನ ಚಿಕ್ಕದು, ಮುಂದಿನ ದೊಡ್ಡದಕ್ಕೆ ಹಿಂದಿನ ದೊಡ್ಡದು ಹಾಕಿದರೆ ಚೈನು ಓರೆಯಾಗಿ ಎಳೆದು ಬೇಗ ಸವೆಯುತ್ತದೆ. ಕೆಲಸಕ್ಕೆ ಬರುವುದು ಹತ್ತೋ ಹನ್ನೆರಡೋ. ಜಾಹೀರಾತಿನ ಬಡ್ಡಿದರದ ಹಾಗೆಯೇ ಇದೂ.

ಈ ಲೆಕ್ಕ ಕೈಗೆ ಸಿಕ್ಕ ಮೇಲೆ ಏರಿನ ಬಗ್ಗೆ ನನ್ನ ಧೋರಣೆಯೇ ಬದಲಾಯಿತು. ಅತಿ ಹಗುರ ಜೋಡಿಯಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್ ವೇಗ ಬರುತ್ತದೆ. ಬಿರುಸಾಗಿ ನಡೆಯುವವರಿಗಿಂತ ಸ್ವಲ್ಪ ಮಾತ್ರ ಮುಂದೆ. ನಾಚಿಕೆಪಡಬೇಕಾದ್ದು ಅದರಲ್ಲಿ ಏನೂ ಇಲ್ಲ. ಹೆಲ್ಮೆಟ್ಟು, ಬಣ್ಣದ ಜೆರ್ಸಿ ತೊಟ್ಟ ಹುಡುಗರು ಸುಯ್ಯೆಂದು ದಾಟಿ ಹೋಗುತ್ತಾರೆ, ಹೋಗಲಿ. ಪಾದದಲ್ಲಿ ಒತ್ತಡ ಹೆಚ್ಚಿದಂತೆ ಅನಿಸಿದರೆ ಗಿಯರು ಇಳಿಸುತ್ತೇನೆ; ಕಾಲು ಬರಿದೇ ತಿರುಗಿದಂತೆ ಅನಿಸಿದರೆ ಒಂದು ಮೆಟ್ಟಿಲು ಏರಿಸುತ್ತೇನೆ. ಸುತ್ತಿನ ಲಯ ಕೆಡಬಾರದು, ವೇಗ ಏನಾದರೂ ಆಗಲಿ. ಮಾತಾಡುತ್ತ ತುಳಿಯಲು ಆಗುತ್ತಿದೆಯೇ ಎಂಬುದೇ ನನ್ನ ಅಳತೆ. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಎಳೆಯಬೇಕಾಯಿತೆಂದರೆ ಗಿಯರು ಭಾರವಾಗಿದೆ.

ಗಿಯರು ಬದಲಿಸಬೇಕಾದ್ದು ಏರು ಶುರುವಾಗುವ ಮೊದಲು. ಹತ್ತುತ್ತಿರುವಾಗ ಪೂರ್ತಿ ಭಾರ ಹಾಕಿ ತುಳಿಯುತ್ತ ಲಿವರು ಒತ್ತಿದರೆ ಚೈನು ಕಟಕಟ ಎಂದು ಹಲ್ಲು ತಪ್ಪುತ್ತದೆ, ಕೆಲವೊಮ್ಮೆ ಕಳಚಿಯೇ ಬೀಳುತ್ತದೆ. ಎದುರಿಗೆ ಏರು ಕಂಡ ಕೂಡಲೇ ಬದಲಿಸಿ, ಒಂದೆರಡು ಸುತ್ತು ಹಗುರಾಗಿ ತುಳಿಯಬೇಕು. ಸೀಟಿನ ಎತ್ತರವೂ ಮುಖ್ಯ. ಪೆಡಲು ತೀರಾ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲಿಗೆ ಬೇಕಾದಷ್ಟೇ ಬಾಗು ಸಿಗುತ್ತದೆ. ನಮ್ಮ ಹೆಂಗಸರು ಹೆದರಿ ಸೀಟನ್ನು ತಗ್ಗಿಸಿಕೊಳ್ಳುತ್ತಾರೆ, ಆಮೇಲೆ ಮೊಣಕಾಲು ನೋವಿಗೆ ಸೈಕಲನ್ನು ಬಯ್ಯುತ್ತಾರೆ.

ಇನ್ನು ರಸ್ತೆ. ಪಶ್ಚಿಮ ದ್ರುತಗತಿ ಹೆದ್ದಾರಿಯ ಪಕ್ಕದಲ್ಲೇ ಗೇಟು. ಎದುರಿಗೆ ಮೆಟ್ರೊ ನಿಲ್ದಾಣವೂ ಆಗಿದೆ. ಇಡೀ ದಾರಿಯಲ್ಲಿ ಅಪಾಯದ ಜಾಗ ಯಾವುದು ಎಂದು ಕೇಳಿದರೆ ಚಿರತೆಯ ಕಾಡಲ್ಲ, ಈ ಹೆದ್ದಾರಿ ಎನ್ನುತ್ತೇನೆ. ಅಲ್ಲಿ ನಾನು ಸೈಕಲಿನಿಂದ ಇಳಿದು ತಳ್ಳಿಕೊಂಡೇ ದಾಟುತ್ತೇನೆ. ಟಿಕೆಟ್ಟು ಪಡೆದು ಒಳಗೆ ಹೋದರೆ ಮೊದಲ ಭಾಗದಲ್ಲಿ ಜನವೋ ಜನ: ದೋಣಿವಿಹಾರ, ಸಫಾರಿಗೆ ಕಾಯುವ ಕುಟುಂಬಗಳು, ಬೆಳಗಿನ ವಾಯುವಿಹಾರದ ಹಿರಿಯರು. ಇಲ್ಲಿ ಗಂಟೆ ಬಾರಿಸುವುದೇ ಕೆಲಸ. ಅದು ದಾಟಿದ ಮೇಲೆ ದಹಿಸರ್ ನದಿ ಆಗಾಗ ಪಕ್ಕಕ್ಕೆ ಬರುತ್ತದೆ. ತುಳಸಿ ಕೆರೆಯಿಂದ ಹೊರಡುವ ಈ ಹೊಳೆ ಕಾಡಿನೊಳಗೆ ಇರುವಷ್ಟು ಹೊತ್ತು ಹೊಳೆಯೇ. ಊರಿಗೆ ಇಳಿದ ಮೇಲೆ ಅದರ ಗತಿ ನೋಡಲಾಗದು. ತುಳಸಿ ಮತ್ತು ವಿಹಾರ, ಎರಡೂ ಮುಂಬೈಗೆ ಕುಡಿಯುವ ನೀರು ಕೊಡಲು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಕೆರೆಗಳು. ಸೈಕಲ್ ಹೊಡೆದುಕೊಂಡು ದಡಕ್ಕೆ ಹೋಗುವ ಆಸೆ ಇಟ್ಟುಕೊಳ್ಳಬೇಡಿ. ಶಿಲೋಂಡಾದಂಥ ಕಾಲುದಾರಿಗಳೂ ಅನುಮತಿ ಪಡೆದು ನಡೆಯುವವರಿಗೆ. ನಮಗೆ ಡಾಂಬರು ರಸ್ತೆಯೇ ಸರಿ, ಅದೇನು ಕಡಿಮೆಯಲ್ಲ.

ಜನವರಿ, ಫೆಬ್ರವರಿಯಲ್ಲಿ ಬೂರುಗದ ಕೆಂಪು ಹೂವು, ಅದರ ಬೆನ್ನಿಗೆ ಮುತ್ತುಗ. ಅದೇ ಹೊತ್ತಿಗೆ ತೇಗದ ಎಲೆಗಳು ಉದುರಿ ರಸ್ತೆಯಂಚಿನಲ್ಲಿ ರಾಶಿ ಬೀಳುತ್ತವೆ. ಮೊರದಗಲದ ಒಣ ಎಲೆಯ ಮೇಲೆ ಟೈರು ಜಾರುತ್ತದೆ, ಎಲೆಯ ಕೆಳಗೆ ಕಲ್ಲೋ ಗುಂಡಿಯೋ ಕಾಣುವುದೂ ಇಲ್ಲ. ನನ್ನೂರಿನ ಕಾಡಿನಲ್ಲಿ ನೋಡಿದ ಭೀಮರಾಜ ಹಕ್ಕಿ ಇಲ್ಲಿಯೂ ಬಾಲದ ಎರಡು ಗರಿ ತೇಲಿಸಿಕೊಂಡು ರಸ್ತೆ ದಾಟುತ್ತದೆ. 2024ರಲ್ಲಿ ಕಾರ್ವಿ ಎಂಬ ಕಾಡುಪೊದೆ ಅರಳಿತ್ತು. ಅದರ ಹಿಂದಿನ ಹೂವು 2016ರದು, ಎಂಟು ವರ್ಷಕ್ಕೊಮ್ಮೆ ಅದರ ಸರದಿ. ಆ ವರ್ಷ ಹೂವು ನೋಡಲು ಬಂದವರ ಗದ್ದಲದಲ್ಲಿ ಸೈಕಲಿನವರು ಯಾರಿಗೂ ಬೇಡವಾಗಿದ್ದೆವು.

ಚಿರತೆಯ ಮಾತು ಬಾರದೆ ಈ ಉದ್ಯಾನದ ಮಾತು ಮುಗಿಯುವುದಿಲ್ಲ. ಸುಮಾರು ನೂರು ಚದರ ಕಿಲೋಮೀಟರಿನ ಕಾಡು, ಮೂರು ಕಡೆ ಕಿಕ್ಕಿರಿದ ಊರು, ನಡುವೆ ಚಿರತೆಗಳು. ಹಗಲು ಬೆಳಕಿನಲ್ಲಿ, ಜನ ಓಡಾಡುವ ಹೊತ್ತಿನಲ್ಲಿ, ಜೊತೆಗೊಬ್ಬರಿದ್ದು ತುಳಿದರೆ ಭಯಪಡಬೇಕಾಗಿಲ್ಲ. ಮುಸ್ಸಂಜೆಗೆ ಮೊದಲು ಗೇಟಿನ ಹೊರಗಿರಬೇಕು, ಒಂಟಿಯಾಗಿ ಪೊದೆಯ ಪಕ್ಕ ಬಗ್ಗಿ ಕೂರಬಾರದು. ನನಗೆ ತೊಂದರೆ ಕೊಟ್ಟದ್ದು ಮಂಗಗಳು. ಪ್ಲಾಸ್ಟಿಕ್ ಚೀಲದ ಸರಸರ ಸದ್ದು ಅವಕ್ಕೆ ಊಟದ ಗಂಟೆ. ಹ್ಯಾಂಡಲಿಗೆ ಚೀಲ ನೇತು ಹಾಕುವುದನ್ನು ಬಿಟ್ಟು, ಎಲ್ಲವನ್ನೂ ಮುಚ್ಚುವ ಬೆನ್ನುಚೀಲಕ್ಕೆ ಹಾಕತೊಡಗಿದ ಮೇಲೆ ಅವು ನನ್ನ ಕಡೆ ತಿರುಗಿ ನೋಡುವುದಿಲ್ಲ. ಬಿಸ್ಕತ್ತು ಕೊಟ್ಟು ಪುಣ್ಯ ಕಟ್ಟಿಕೊಳ್ಳುವವರಿಗೆ ನಾನು ಜಗಳವಾಡುವಷ್ಟು ಗಟ್ಟಿಯಾಗಿಯೇ ಹೇಳುತ್ತೇನೆ: ಆ ಮಂಗ ನಾಳೆ ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತದೆ.

ಕೊನೆಯ ಏರು ಕಡಿದು. ಅದನ್ನು ಹತ್ತಿ ಸೈಕಲಿಗೆ ಬೀಗ ಹಾಕಿದರೆ ಗುಹೆಗಳ ಟಿಕೆಟ್ಟು ಬೇರೆ. ನೂರಕ್ಕೂ ಹೆಚ್ಚು ಗುಹೆಗಳು, ಕಲ್ಲಿನಲ್ಲೇ ಕೊರೆದ ಮಂಚ, ಮಳೆನೀರು ಹಿಡಿಯುವ ತೊಟ್ಟಿಗಳು. ಬೌದ್ಧ ಭಿಕ್ಷುಗಳು ಸಾವಿರ ವರ್ಷ ಬಾಳಿದ ಜಾಗ. ಕೃಷ್ಣಗಿರಿ ಎಂಬ ಹೆಸರು ಸವೆದು ಕನ್ಹೇರಿಯಾಗಿದೆ. ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಹೇಳುವ ಒಂಬತ್ತನೆಯ ಶತಮಾನದ ಶಾಸನಗಳು ಇಲ್ಲಿವೆ. ಕೊಂಕಣದ ಶಿಲಾಹಾರರು ಆಗ ಅವನ ಸಾಮಂತರು. ಮುಂಬೈಯಲ್ಲಿ ನಾವು ಕನ್ನಡಿಗರೆಂದರೆ ಹೋಟೆಲಿನವರು, ಬ್ಯಾಂಕಿನವರು ಎಂದಷ್ಟೇ ತಿಳಿದವರನ್ನು ಒಮ್ಮೆ ಇಲ್ಲಿಗೆ ಕರೆತರುವುದು ನನ್ನ ಚಟ. ನನ್ನವರು ಬಸ್ಸಿನಲ್ಲಿ ಬಂದು ಮೆಟ್ಟಿಲ ಮೇಲೆ ಕೂತು, ಆದಿವಾಸಿ ಹೆಂಗಸರ ಬುಟ್ಟಿಯಿಂದ ಉಪ್ಪುಖಾರ ಹಚ್ಚಿದ ಸೌತೆಕಾಯಿ ತಿನ್ನುತ್ತಾರೆ. ಮೇ ತಿಂಗಳಾದರೆ ಕವಳಿ ಹಣ್ಣು. ಅದಕ್ಕಾಗಿ ನಾನೂ ಕೂರುತ್ತೇನೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಹತ್ತುವಾಗ ಸೋತರೆ ಕಾಲು ನೆಲಕ್ಕಿಟ್ಟು ನಿಲ್ಲಬಹುದು, ಇಳಿಯುವಾಗ ಆ ಅನುಕೂಲ ಇಲ್ಲ. ಹೊರಡುವ ಮೊದಲು ನಿಂತಲ್ಲೇ ಎರಡೂ ಬ್ರೇಕು ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ ನೋಡುತ್ತೇನೆ, ಯಾವ ಕೈಯದು ಯಾವ ಗಾಲಿಗೆ ಎಂಬುದನ್ನೂ ಮನಸ್ಸಿಗೆ ತಂದುಕೊಳ್ಳುತ್ತೇನೆ. ನಿಲ್ಲಿಸುವ ಶಕ್ತಿ ಮುಂದಿನ ಬ್ರೇಕಿಗೆ ಹೆಚ್ಚು. ಆದರೆ ಅದೊಂದನ್ನೇ ಥಟ್ಟನೆ ಹಿಡಿದರೆ ಹಿಂದಿನ ಗಾಲಿ ಎದ್ದುಬಿಡುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ, ಮೆಲ್ಲಗೆ, ಮೈಭಾರ ಹಿಂದಕ್ಕೆ ಸರಿಸಿ. ವೇಗ ಇಳಿಸಬೇಕಾದ್ದು ತಿರುವಿಗೆ ಮೊದಲು. ತಿರುವಿನ ನಡುವೆ ಬ್ರೇಕು ಬಿಗಿದರೆ ಟೈರಿಗೆ ಹಿಡಿತ ಉಳಿಯುವುದಿಲ್ಲ.

ಮಳೆಗಾಲದಲ್ಲಿ ಈ ಮಾತು ಇಮ್ಮಡಿ. ರಸ್ತೆಯಂಚಿನಲ್ಲಿ ಪಾಚಿ, ಬ್ರೇಕಿನ ರಬ್ಬರು ಮೊದಲು ರಿಮ್ಮಿನ ನೀರನ್ನು ಒರೆಸಿ ಆಮೇಲೆ ಹಿಡಿಯುತ್ತದೆ. ಹಾಗಾಗಿ ಎರಡು ಮಾರು ಮೊದಲೇ ಹಿಡಿಯಬೇಕು. ಟೈರಿಗೆ ಎಷ್ಟು ಗಾಳಿ ಎಂಬುದು ಅದರ ಬದಿಯಲ್ಲೇ ಅಚ್ಚಾಗಿರುತ್ತದೆ. ಆ ಮಿತಿಯೊಳಗೆ ಮಳೆಗಾಲಕ್ಕೆ ಸ್ವಲ್ಪ ಕಡಿಮೆ, ಬೇಸಿಗೆಗೆ ಸ್ವಲ್ಪ ಹೆಚ್ಚು ಇಡುತ್ತೇನೆ. ಜೋರು ಮಳೆಯ ದಿನ ಹೋಗುವುದೇ ಇಲ್ಲ. ಮನೆಗೆ ಬಂದು ಚೈನನ್ನು ಹಳೆಯ ಬಟ್ಟೆಯಿಂದ ಒರೆಸಿ, ಒಣಗಿಸಿ, ಒಂದೊಂದು ಕೊಂಡಿಗೂ ಒಂದು ಹನಿ ಎಣ್ಣೆ. ಹೆಚ್ಚಾದದ್ದನ್ನು ಮತ್ತೆ ಒರೆಸುವುದು. ಈ ಕಡಲತೀರದ ಹವೆಗೆ ಒಂದು ರಾತ್ರಿ ಬಿಟ್ಟರೂ ತುಕ್ಕು.

ದಹಿಸರ್‌ನಲ್ಲಿರುವ ನಾದಿನಿಗೆ ಈಗ ಹುಮ್ಮಸ್ಸು ಬಂದಿದೆ. “ಅತ್ತಿಗೆ, ನಿಮ್ಮಂಥದ್ದೇ ಸೈಕಲ್ ತೆಗೆದುಕೊಳ್ಳಲೇ?” ಎಂದು ಕೇಳಿದಳು. ಬೇಡ, ಗೇಟಿನ ಬಳಿ ಬಾಡಿಗೆಗೆ ಸಿಗುತ್ತದೆ, ಬ್ರೇಕು ಹಿಡಿದು ನೋಡಿ ಒಳ್ಳೆಯದೊಂದು ಆರಿಸಿಕೊ, ಏರು ಹತ್ತಿ ಇಳಿದ ಮೇಲೆ ಕೊಳ್ಳುವ ಮಾತು ಎಂದೆ. ಸೋಮವಾರ ರಜೆ ಇದೆ, ಬರುತ್ತೇನೆ ಎಂದಳು. ಸೋಮವಾರ ಉದ್ಯಾನಕ್ಕೂ ಗುಹೆಗಳಿಗೂ ರಜೆ ಎಂದು ಹೇಳಿ, ಬುಧವಾರಕ್ಕೆ ಗೊತ್ತುಮಾಡಿದ್ದೇವೆ.